ಪಾದದ ಎಕ್ಸ್‌ರೇ ನಿಂತೇ ತೆಗೆಸಿ

ಅಂಗಾಲು ಚಪ್ಪಟೆಯಾಗಿದೆ, ನಡೆದರೆ ನೋವು ಎಂದು ಕಲಬುರಗಿಯ ಆಸ್ಪತ್ರೆಗಳಿಗೆ ಬರುವ ಎಷ್ಟೋ ಜನರ ಕೈಯಲ್ಲಿ ಮಲಗಿಸಿ ತೆಗೆದ ಎಕ್ಸ್‌ರೇ ಇರುತ್ತದೆ. ಮೂಳೆ ಮುರಿದಿದೆಯಾ ಎಂದು ನೋಡಲು ಅದು ಸಾಕು. ಆದರೆ ಮೈಭಾರ ಬಿದ್ದಾಗ ಪಾದದ 26 ಮೂಳೆಗಳು ಎತ್ತ ಸರಿಯುತ್ತವೆ, ಅಂಗಾಲಿನ ಒಳಬದಿಯ ಕಮಾನು ಎಷ್ಟು ಕುಸಿಯುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಪಕ್ಕದಿಂದ ತೆಗೆದ ಎರಡು ಚಿತ್ರ ಬೇಕು: ಕೂತದ್ದು ಒಂದು, ನಿಂತದ್ದು ಒಂದು.

ಮೊದಲು ಡಾಕ್ಟರ ಚೀಟಿಯಲ್ಲಿ ‘ವೇಟ್ ಬೇರಿಂಗ್, ಲ್ಯಾಟರಲ್’ (ಮೈಭಾರ ಬಿಟ್ಟು ನಿಂತು, ಪಕ್ಕದಿಂದ) ಎಂದು ಬರೆಸಿಕೊಳ್ಳಿ. ಆಳಂದ, ಜೇವರ್ಗಿ, ಸೇಡಂನಿಂದ ಬಸ್ಸಿಗೆ ಬರುವವರು ಎರಡೂ ಚಿತ್ರಗಳನ್ನು ಒಂದೇ ಸಲ ತೆಗೆಸಿ. ಗರ್ಭಿಣಿಯರು ಮೊದಲೇ ತಿಳಿಸಬೇಕು. ಕಾಲುಂಗುರ, ಗೆಜ್ಜೆ ತೆಗೆದಿಡಿ.

ಕೂತ ಚಿತ್ರ ಸುಲಭ. ಪಾದ ಪೀಠಕ್ಕೆ ತಾಗಿದರೆ ಸಾಕು, ಭಾರ ಬಿಡಬಾರದು.

ಕೆಲಸ ಕೆಡುವುದು ನಿಲ್ಲುವಾಗ. ಫರಸಿ ನೆಲದ ಮೇಲೆ ಸುಮ್ನೆ ನಿಂತರೆ ಎಕ್ಸ್‌ರೇ ಟ್ಯೂಬ್ ಅಷ್ಟು ಕೆಳಗೆ ಇಳಿಯದೆ ಅಂಗಾಲಿನ ಅಂಚೇ ಕತ್ತರಿಸಿ ಹೋಗಬಹುದು. ಗಟ್ಟಿ ಮರದ ಪೀಠವೇ ಬೇಕು. ಪ್ಲಾಸ್ಟಿಕ್ ಸ್ಟೂಲ್ ಕೊಟ್ಟರೆ ಬೇಡ ಅನ್ನಿ, ಅದು ಬಗ್ಗುತ್ತದೆ, ಜಾರುತ್ತದೆ. ಕ್ಯಾಸೆಟ್ (ಚಿತ್ರ ಮೂಡುವ ಫಲಕ) ಎರಡು ಪಾದಗಳ ನಡುವೆ ನೆಟ್ಟಗೆ ನಿಲ್ಲಬೇಕು, ಅದರ ಕೆಳಅಂಚು ಅಂಗಾಲಿಗಿಂತ ಕೆಳಗಿರಬೇಕು. ಕಿರಣ ಪಾದದ ಹೊರಬದಿಯಿಂದ ನೆಲಕ್ಕೆ ಸಮಾನಾಂತರವಾಗಿ ಬರಬೇಕು.

ಇನ್ನು ನೀವು ನಿಲ್ಲುವ ರೀತಿ. ನೋಯುವ ಕಾಲಿನ ಭಾರವನ್ನು ನಮಗೇ ಗೊತ್ತಿಲ್ಲದಂತೆ ಇನ್ನೊಂದಕ್ಕೆ ದಾಟಿಸುತ್ತೇವೆ, ಅಲ್ವಾ? ಆಗ ಕುಸಿದ ಕಮಾನೂ ಚೆನ್ನಾಗಿರುವಂತೆ ಕಾಣುತ್ತದೆ. ಮೊದಲೇ ಎರಡು ತೂಕದ ಯಂತ್ರಗಳ ಮೇಲೆ ಒಂದೊಂದು ಕಾಲಿಟ್ಟು ಅಭ್ಯಾಸ ಮಾಡಿ. 60 ಕೆಜಿ ತೂಕದವರಿಗೆ ಎರಡೂ 30ರ ಆಸುಪಾಸು ತೋರಿಸಬೇಕು. ಆಸರೆಯ ಕಂಬಿಯನ್ನು ಮುಟ್ಟಿದರೆ ಸಾಕು, ಅದಕ್ಕೆ ಒರಗಬೇಡಿ. ಬೆರಳುಗಳಿಂದ ಪೀಠವನ್ನು ಬಿಗಿಯಾಗಿ ಒತ್ತಿದರೆ ಕಮಾನು ಮೇಲೇಳುತ್ತದೆ, ಹಾಗಾಗಿ ಸಡಿಲ ಬಿಡಿ. ಮಂಡಿ ನೇರ, ನೋಟ ಮುಂದಕ್ಕೆ. ‘ಮಲಗಿಸಬ್ಯಾಡ್ರಿ ಸರ್, ನಿಂದ್ರಸಿ ತೆಗೀರಿ’ ಎಂದು ಕೇಳಲು ಸಂಕೋಚ ಬೇಡ.

ಆಮೇಲೆ ಅಳತೆ. ಹಿಮ್ಮಡಿ ಮೂಳೆಯ ಹಿಂದಿನ ತಗ್ಗು ಬಿಂದುವಿನಿಂದ ಅದರ ಮುಂತುದಿಯ ಕೆಳಅಂಚಿಗೆ ಗೆರೆ ಎಳೆಯುತ್ತಾರೆ. ನೆಲದ ಗೆರೆಯೊಂದಿಗೆ ಅದು ಮಾಡುವ ಕೋನ ನಿಂತ ಚಿತ್ರದಲ್ಲಿ ಸಾಮಾನ್ಯವಾಗಿ 20ರಿಂದ 30 ಡಿಗ್ರಿ. ಹಿಮ್ಮಡಿ ಮೇಲೆ ಕೂತಿರುವ ಟೇಲಸ್ ಮೂಳೆಯ ನಡುಗೆರೆಯನ್ನೂ ಹೆಬ್ಬೆರಳಿನ ಹಿಂದಿನ ಉದ್ದ ಮೂಳೆಯ ನಡುಗೆರೆಯನ್ನೂ ಎಳೆದರೆ ಅವು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರಬೇಕು. ಆ ಸಾಲು 4 ಡಿಗ್ರಿಗಿಂತ ಜಾಸ್ತಿ ಕೆಳಕ್ಕೆ ಬಾಗಿದ್ದರೆ ಕಮಾನು ಕುಸಿದಿದೆ ಎಂದರ್ಥ. ಕೂತಾಗ ಸರಿಯಿದ್ದು ನಿಂತಾಗ ಕುಸಿದರೆ ಅದು ಬಾಗುವ ಚಪ್ಪಟೆ ಪಾದ. ಎರಡರಲ್ಲೂ ಒಂದೇ ರೀತಿ ಕುಸಿದಿದ್ದರೆ ಬಿಗಿದುಕೊಂಡ ಪಾದ. ಎರಡಕ್ಕೂ ಚಿಕಿತ್ಸೆ ಬೇರೆ. ಇದು ತಿಳಿಯದೆ ಚಪ್ಪಲಿಯೊಳಗಿಡುವ ಸಿಲಿಕೋನ್ ಪ್ಯಾಡ್ ಕೊಳ್ಳಬೇಡಿ.

ಓರೆಯಾಗಿ ಹಿಡಿದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊದ ಮೇಲೆ ಯಾರೂ ಕೋನ ಅಳೆಯಬಾರದು, ಅದರಲ್ಲಿ ಕೋನವೇ ಬದಲಾಗಿರುತ್ತದೆ. ಚಪ್ಪಲಿ ಅಂಗಡಿಯ ಪಾದ ಸ್ಕ್ಯಾನ್ ಕೂಡ ಚರ್ಮದ ಅಚ್ಚು ತೋರಿಸುತ್ತದೆ, ಮೂಳೆಯನ್ನಲ್ಲ.

ನಡೆಯುವಾಗ ಮೂಳೆಗಳು ಹೇಗೆ ಚಲಿಸುತ್ತವೆ ಎಂದು ಅಳೆಯಲು ಸಂಶೋಧನಾ ಲ್ಯಾಬ್‌ಗಳಲ್ಲಿ ಎರಡು ದಿಕ್ಕಿನಿಂದ ಎಕ್ಸ್‌ರೇ ವಿಡಿಯೊ ತೆಗೆದು, ಸಿಟಿ ಸ್ಕ್ಯಾನಿನಿಂದ ಮಾಡಿದ ಮೂಳೆಗಳ ಮಾದರಿಯನ್ನು ಪ್ರತಿ ಫ್ರೇಮಿಗೂ ಹೊಂದಿಸುತ್ತಾರೆ. ಚಿಕಿತ್ಸೆ ಶುರುಮಾಡಲು ಸಾಮಾನ್ಯವಾಗಿ ಅಷ್ಟೆಲ್ಲ ಬೇಕಿಲ್ಲ. ಎರಡೂ ಫಿಲ್ಮ್ ಜೋಪಾನವಾಗಿಡಿ. ಮುಂದಿನ ಸಲವೂ ಅದೇ ಕೇಂದ್ರದಲ್ಲಿ, ಅದೇ ಪೀಠದ ಮೇಲೆ ತೆಗೆಸಿ.