ಉಬ್ಬರದ ಲೆಕ್ಕ ಹಿಡಿದು ಹಕ್ಕಿ ನೋಡಿದ್ದು: ಅಘನಾಶಿನಿ ನದಿಯ ಅಳಿವೆಯಲ್ಲಿ ನನ್ನ ಅನುಭವ

ಮಾರ್ಚ್ ಕೊನೆಯ ವಾರ, ಅಮಾವಾಸ್ಯೆಯ ಮರುದಿನ. ಕುಮಟಾದಲ್ಲಿ ಆರಾಮಾಗಿ ತಿಂಡಿ ತಿಂದು ಒಂಬತ್ತು ಗಂಟೆಗೆ ಹೊರಟೆವು. ಕತ್ತಲಾದ ಮೇಲೆ ವಾಪಸ್ ಬಂದಾಗ ಪಟ್ಟಿಯಲ್ಲಿ 70ರ ಮೇಲೆ ಜಾತಿ ಇದ್ದವು. ಅಳಿವೆಯ ಕೆಸರಲ್ಲಿ ಮೇಯುವ ಹಕ್ಕಿಗಳೇ ಹದಿನೆಂಟೋ ಹತ್ತೊಂಬತ್ತೋ. ಬೆಳಗಿನ ಜಾವ ಏಳದೆ, ದೋಣಿ ಮಾಡದೆ!

ಇದನ್ನು ಬರೆಯಲು ಕಾರಣ ಇದೆ. ಬಹಳ ದಿನದಿಂದ ನಾನು ಒಂದೇ ಮಾತು ಹೇಳುತ್ತಿದ್ದೆ. ನದಿ ಕಡಲು ಸೇರುವ ಅಳಿವೆಯಲ್ಲಿ ಸೂರ್ಯನನ್ನು ನೋಡಿ ಹೊರಡಬೇಡಿ, ನೀರನ್ನು ನೋಡಿ ಹೊರಡಿ. ನಮ್ಮ ಕಡೆಯ ಹಕ್ಕಿ ನೋಡುವವರು ಯಾರೂ ಒಪ್ಪಲಿಲ್ಲ. ಮಾರ್ಚ್ ಬಿಸಿಲಲ್ಲಿ ಹನ್ನೊಂದು ಗಂಟೆಗೆ ಯಾವ ಹಕ್ಕಿ ಕೂತಿರುತ್ತದೆ ಎಂದು ಕೇಳಿದರು. ಜೊತೆಗೆ ಬಂದ ಗೆಳೆಯನದೂ ಅದೇ ಅನುಮಾನ. ಅವನು ಶಿರಸಿಯವನು, ಕಾಡಿನ ಹಕ್ಕಿಯವನು. ಎಲೆಯ ಹಿಂದಿನ ಕೂಗನ್ನೂ ಗುರುತಿಸುವ ಕಿವಿ. ಆದರೆ ಕೆಸರು ಅವನಿಗೆ ಹೊಸದು.

ಮೊದಲು ಕಳೆದುಕೊಂಡಿದ್ದನ್ನು ಹೇಳುತ್ತೇನೆ. ಮೊದಲ ವರ್ಷ ಎಲ್ಲರ ಹಾಗೆ ಆರು ಗಂಟೆಗೇ ಹೋಗುತ್ತಿದ್ದೆ. ಇಳಿತ ಇದ್ದರೆ ಹಕ್ಕಿಗಳು ಅರ್ಧ ಕಿಲೋಮೀಟರ್ ಆಚೆ, ಬಳಚು (ಚಿಪ್ಪು) ಆರಿಸುವವರಿಗಿಂತ ದೂರ, ಎಳ್ಳು ಚೆಲ್ಲಿದ ಹಾಗೆ. ಹಳೆಯ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಒಂದನ್ನು 20 ಸಾವಿರ ಚಿಲ್ಲರೆ ಕೊಟ್ಟು ತಂದೆ. ಬಿಸಿಲು ಏರಿದ ಮೇಲೆ ಕೆಸರಿನ ಮೇಲಿನ ಗಾಳಿ ಕುದಿಯುತ್ತದೆ ಅಲ್ವಾ, ಎಷ್ಟು ಜೂಮ್ ಮಾಡಿದರೂ ನೀರಲ್ಲಿ ಕರಗಿದ ಬೊಟ್ಟುಗಳೇ. ಆಮೇಲೆ ದೋಣಿ. ಎರಡು ಗಂಟೆಗೆ 1,200 ಕೊಟ್ಟೆ, ಹತ್ತಿರ ಹೋದಷ್ಟೂ ಹಿಂಡು ಮುಂದೆ ಹಾರಿತು. ಮೂರನೇ ಸಲ ದೋಣಿ ಇಳಿಯುವಾಗ ಫೋನು ಉಪ್ಪು ನೀರಿಗೆ ಬಿತ್ತು. ರಿಪೇರಿಗೆ ಮೂರೂವರೆ ಸಾವಿರ ಕೊಟ್ಟರೂ ಕ್ಯಾಮೆರಾ ಸರಿಯಾಗಲಿಲ್ಲ.

ದಾರಿ ತೋರಿಸಿದ್ದು ಮಾಸೂರು ಕಡೆ ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಒಡ್ಡಿನ ಮೇಲೆ ಬಲೆ ರಿಪೇರಿ ಮಾಡುತ್ತಿದ್ದ ಅಜ್ಜ. 'ಭರತ (ಉಬ್ಬರ) ಬಂದಾಗ ಅವಕ್ಕೆ ನಿಲ್ಲಲು ಜಾಗ ಎಲ್ಲಿ? ಇಲ್ಲಿಗೇ ಬರ್ತವೆ' ಅಂದರು. ಅಷ್ಟೇ ವಿಷಯ. ಕೆಸರು ಮುಳುಗಿದ ಮೇಲೆ ಹಕ್ಕಿಗಳು ಒಣ ಜಾಗ ಹುಡುಕುತ್ತವೆ. ಉಪ್ಪುನೀರು ತಡೆಯುವ ಕಗ್ಗ ಭತ್ತ ಕೊಯ್ದು, ಸೀಗಡಿಗೆ ನೀರು ಬಿಟ್ಟ ಗಜನಿಯ ತಗ್ಗು ದಿಬ್ಬಗಳು, ಒಡೆದ ಒಡ್ಡಿನ ತುದಿಗಳು ಅವುಗಳ ಆಸರೆ. ನಾವು ಅಲ್ಲಿ ಮೊದಲೇ ಕೂತಿರಬೇಕು.

ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಹಗಲಿನ ಉಬ್ಬರ ಹನ್ನೊಂದರ ಆಸುಪಾಸು ಬೀಳುತ್ತದೆ. ಉಳಿದವರು ಮನೆಗೆ ಹೋಗುವ ಹೊತ್ತಿಗೆ ಸರಿಯಾಗಿ. ಆಮೇಲೆ ಉಬ್ಬರ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತಾ ಹೋಗುತ್ತದೆ. ಆದರೂ ಎರಡನೇ ವರ್ಷ ಡಿಸೆಂಬರ್ ಹುಣ್ಣಿಮೆಗೆ ಹೋಗಿ ಬರಿಗೈಯಲ್ಲಿ ಬಂದೆ. ದಿನದ ಎರಡು ಉಬ್ಬರ ಒಂದೇ ಎತ್ತರ ಬರುವುದಿಲ್ಲ. ಅವತ್ತು ಹಗಲಿನದು ಗಿಡ್ಡದು. ಕೆಸರು ಪೂರ್ತಿ ಮುಳುಗಲೇ ಇಲ್ಲ, ಹಕ್ಕಿಗಳು ಅಲ್ಲೇ ಉಳಿದವು. ಮಾರ್ಚ್‌ನಲ್ಲಿ ಎರಡರ ನಡುವೆ ಅಷ್ಟು ವ್ಯತ್ಯಾಸ ಇರುವುದಿಲ್ಲ, ನೀರೂ ಚೆನ್ನಾಗಿ ಏರುತ್ತದೆ.

ಇನ್ನೊಂದು ತೊಡಕು. ಉಬ್ಬರದ ವೇಳಾಪಟ್ಟಿ ಇರುವುದು ಕಾರವಾರ ಬಂದರಿಗೆ. ಅಳಿವೆಯ ಒಳಗೆ ನೀರು ತಡವಾಗಿ ಏರುತ್ತದೆ. ಎಷ್ಟು ತಡ ಎಂಬುದು ನನ್ನ ನೋಟ್‌ಬುಕ್ಕಿನಲ್ಲಿದೆ, ಅದನ್ನು ಹೇಳುವುದಿಲ್ಲ. ಬಿದಿರು ಕೋಲಿಗೆ ಪೇಂಟ್ ಗೆರೆ ಹಾಕಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡದಲ್ಲಿ ನೆಟ್ಟು, ಒಂಬತ್ತು ದಿನ ಕೂತು ಬರೆದುಕೊಂಡಿದ್ದು. ನಿಮ್ಮ ಅಳಿವೆಗೆ ನೀವೇ ಕೋಲು ನೆಡಿ.

ಹತ್ತಕ್ಕೆ ಒಡ್ಡಿನ ಮಗ್ಗುಲಲ್ಲಿ ಕೂತೆವು. ಒಡ್ಡಿನ ಮೇಲೆ ಅಲ್ಲ, ಕೆಳಗೆ, ತಲೆ ಮಾತ್ರ ಮೇಲೆ ಕಾಣುವ ಹಾಗೆ. ಆಕಾಶಕ್ಕೆ ಎದುರಾಗಿ ಆಕಾರ ಕಂಡರೆ ಮುಗಿಯಿತು. ಬಟ್ಟೆಯ ಬಣ್ಣದ ಬಗ್ಗೆ ಜನ ತುಂಬಾ ಹೇಳುತ್ತಾರೆ. ನಾನು ಒಂದು ದಿನ ಖಾಕಿ, ಒಂದು ದಿನ ಬಿಳಿ ಅಂಗಿ ಹಾಕಿ ನೋಡಿದ್ದೇನೆ. ಅಲ್ಲಾಡದೆ ಕೂತರೆ ಬಿಳಿ ಅಂಗಿಗೂ ಬರುತ್ತವೆ. ಕೊಡೆ ಬಿಡಿಸಿದರೆ ಮಾತ್ರ ಬರುವುದೇ ಇಲ್ಲ, ನಾಲ್ಕು ಸಲ ಪರೀಕ್ಷೆ ಮಾಡಿದ್ದೇನೆ. ತಲೆಗೆ ಒದ್ದೆ ಟವೆಲ್ ಸಾಕು.

ಒಂದು ಗಂಟೆ ಹೊತ್ತು ಕೂತರೂ ಕಂಡಿದ್ದು ಎರಡು ಬೆಳ್ಳಕ್ಕಿ, ಒಂದು ಗರುಡ, ಅಷ್ಟೇ. ಗೆಳೆಯ ಎರಡು ಸಲ ಗಡಿಯಾರ ನೋಡಿದ. ಹನ್ನೊಂದೂಕಾಲು ದಾಟಿದ ಮೇಲೆ ಮೊದಲ ಹಿಂಡು ಬಂತು. ಸ್ಯಾಂಡ್ ಪ್ಲೋವರ್, ಮುನ್ನೂರರ ಹತ್ತಿರ. ಎದೆಯ ಮೇಲೆ ಇಟ್ಟಿಗೆ ಬಣ್ಣ ಏರತೊಡಗಿತ್ತು. ಹಿಂದೆಯೇ ರೆಡ್‌ಶ್ಯಾಂಕ್, ಗ್ರೀನ್‌ಶ್ಯಾಂಕ್, ಎಂಟು ವಿಂಬ್ರೆಲ್, ಎರಡು ಕರ್ಲ್ಯೂ. ಮೂವತ್ತು ನಲವತ್ತು ಮೀಟರ್ ಅಷ್ಟೇ. ಇಷ್ಟು ಹತ್ತಿರದಲ್ಲಿ ಗಾಳಿ ಕುದಿಯುವುದು ತೊಂದರೆ ಕೊಡುವುದಿಲ್ಲ.

ಒಂದು ಟೆರೆಕ್ ಗೊರವ ನಮ್ಮ ಎದುರೇ ಇಳಿಯಿತು. ಮೇಲಕ್ಕೆ ಬಾಗಿದ ಕೊಕ್ಕು, ಕಿತ್ತಳೆ ಕಾಲು. ಬೆನ್ನು ಬಗ್ಗಿಸಿ ಓಡಿ ಗೋಲಿ ಗಾತ್ರದ ಏಡಿ ಹಿಡಿಯಿತು. ಹಿಡಿದ ತಕ್ಷಣ ನುಂಗಲಿಲ್ಲ. ನೀರಿನ ಅಂಚಿಗೆ ಓಡಿ ಎರಡು ಸಲ ಅದ್ದಿ, ಕೆಸರು ಹೋದ ಮೇಲೆ ನುಂಗಿತು. ಮತ್ತೊಂದು ಹಿಡಿಯಿತು, ಮತ್ತೆ ನೀರಿಗೆ ಓಡಿತು. ಗೆಳೆಯ ಉಸಿರು ಬಿಗಿಹಿಡಿದು ಕೂತಿದ್ದ. ಐದನೇ ಏಡಿಯ ತನಕ ಒಂದು ಮಾತೂ ಆಡಲಿಲ್ಲ.

ಒಂದೂವರೆಗೆ ನೀರು ಇಳಿಯಿತು, ಹಿಂಡು ಎದ್ದಿತು. 2024ರಲ್ಲಿ ಅಘನಾಶಿನಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಮೇಲೆ ಜಾಗ ಯಾವುದು ಎಂದು ಕೇಳುವವರು ಜಾಸ್ತಿ. ಆ ದಿಬ್ಬ ಯಾವುದೆಂದು ನಾನು ಹೇಳುವುದಿಲ್ಲ. ಉಬ್ಬರದ ಎರಡು ಗಂಟೆ ಅವುಗಳಿಗೆ ವಿಶ್ರಾಂತಿ. ಏಪ್ರಿಲ್‌ನಲ್ಲಿ ವಲಸೆಗೆ ಸಾವಿರಾರು ಕಿಲೋಮೀಟರ್ ಹಾರಬೇಕಾದ ಹಕ್ಕಿಯನ್ನು ದಿನಕ್ಕೆ ಹತ್ತು ಸಲ ಎಬ್ಬಿಸಿದರೆ ಅದರ ಕೊಬ್ಬು ಇಲ್ಲೇ ಕರಗುತ್ತದೆ.

ಊಟ, ಒಂದು ನಿದ್ದೆ. ನಾಲ್ಕೂವರೆಗೆ ಹೊನ್ನಾವರ ದಾರಿಯಲ್ಲಿ ಒಂದು ಹುಲ್ಲಿನ ಬೇಣ ಹತ್ತಿದೆವು. ಜಂಬಿಟ್ಟಿಗೆ ಹಾಸು, ಮೊಣಕಾಲೆತ್ತರದ ಒಣ ಹುಲ್ಲು. ಬೇಣ ಸುಮ್ನೆ ಖಾಲಿ ಜಾಗ ಎನ್ನುವವರಿಗೆ ಇದನ್ನು ತೋರಿಸಬೇಕು. ಇಲ್ಲಿ ಗೆಲುವು ಗೆಳೆಯನದು. ನನಗೆ ಕಂಡಿದ್ದು ಕಲ್ಲು ಮತ್ತು ಹುಲ್ಲು. ಅವನು ಕಣ್ಣು ಮುಚ್ಚಿ ನಿಂತು ಬೆರಳು ತೋರಿಸಿದ, ಅಲ್ಲಿ ಮಲಬಾರ್ ಲಾರ್ಕ್ ಜುಟ್ಟು ಎತ್ತಿ ಹಾಡುತ್ತಿತ್ತು. ಒಂದು ಜೋಡಿ ಹಳದಿ ಟಿಟ್ಟಿಭ ನಮ್ಮ ಸುತ್ತ ಓಡಾಡಿ ಕೂಗಿದಾಗ ತಕ್ಷಣ ಹಿಂದೆ ಸರಿದೆವು. ಮಾರ್ಚ್ ಎಂದರೆ ಬರಿನೆಲದ ಮೇಲೆ ಮೊಟ್ಟೆ ಇರಬಹುದು, ಕಾಲಿಟ್ಟ ಮೇಲೇ ಗೊತ್ತಾಗುವುದು.

ಬೆಳಕು ಇಳಿಯುವಾಗ ಹುಲ್ಲಿನ ಮೇಲೆ ತೇಲುತ್ತಾ ಒಂದು ಸೆಳೆವ (ಹ್ಯಾರಿಯರ್ ಎಂಬ ಬೇಟೆ ಹಕ್ಕಿ) ಬಂತು. ಸೊಂಟ ಬಿಳಿ, ಬಾಲದಲ್ಲಿ ಪಟ್ಟೆ. ಮಾಂಟೆಗು ಇರಬೇಕು ಎಂದು ನಾನು, ಪ್ಯಾಲಿಡ್ ಎಂದು ಅವನು. ಹೆಣ್ಣು ಹಕ್ಕಿ, ಎರಡನ್ನೂ ಬೇರೆ ಮಾಡಿ ಹೇಳುವ ಕತ್ತಿನ ಪಟ್ಟಿ ಸರಿಯಾಗಿ ಕಾಣಲಿಲ್ಲ. ಪಟ್ಟಿಯಲ್ಲಿ 'ಸೆಳೆವ, ಜಾತಿ ಗೊತ್ತಿಲ್ಲ' ಎಂದೇ ಬರೆದೆವು.

ಇಡೀ ದಿನದ ಖರ್ಚು, ಪೆಟ್ರೋಲು, ಇಬ್ಬರ ಮೀನೂಟ ಸೇರಿ ಏಳೆಂಟುನೂರು. ಮನೆಗೆ ಬಂದ ಕೂಡಲೇ ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆದೆ. ಒಂದು ರಾತ್ರಿ ಬಿಟ್ಟರೂ ಉಪ್ಪು ಸ್ಕ್ರೂ ಹಿಡಿದುಬಿಡುತ್ತದೆ. ಗೆಳೆಯ ಅಷ್ಟರಲ್ಲಿ ನನ್ನ ನೋಟ್‌ಬುಕ್ ತೆಗೆದು ಏಪ್ರಿಲ್ ಹುಣ್ಣಿಮೆಯ ಪುಟ ಹುಡುಕುತ್ತಿದ್ದ.