ಹಡಗು ಹೊರಡುವ ಮೊದಲೇ ಎಲ್‌ಸಿ ಕಾಗದ ತಾಳೆ ನೋಡಿ

ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಿಂದ (ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಕಾರ್ಖಾನೆ) ಕಂಟೇನರ್ ಹೊರಟ ದಿನ ಎಲ್ಲರಿಗೂ ನಿರಾಳ. ಕಾಫಿ ಚೆನ್ನಾಗಿದೆ, ತೇವಾಂಶ ಸರಿಯಾಗಿದೆ, ಇನ್ನು ದುಡ್ಡು ಬರುವುದೊಂದೇ ಬಾಕಿ ಅಂದುಕೊಳ್ಳುತ್ತಾರೆ. ಆದರೆ ಎಲ್‌ಸಿ, ಅಂದರೆ ಕೇಳಿದ ಕಾಗದ ಸರಿಯಾಗಿ ಕೊಟ್ಟರೆ ಹಣ ಕೊಡುತ್ತೇವೆಂದು ಖರೀದಿದಾರರ ಬ್ಯಾಂಕ್ ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್ ಇದ್ದಾಗ ಬ್ಯಾಂಕ್ ಕಾಫಿಯನ್ನು ನೋಡುವುದೇ ಇಲ್ಲ. ನೋಡುವುದು ಕಾಗದ ಮಾತ್ರ. ತೋಟದ ಕಾಫಿಯನ್ನು ತಾವೇ ಹೊರದೇಶಕ್ಕೆ ಕಳಿಸಲು ಹೊರಟ ಹಲವರ ಕಾಗದಗಳನ್ನು ನಾನು ನೋಡಿಕೊಟ್ಟಿದ್ದೇನೆ. ಒಳ್ಳೆಯ ಸರಕು ಕಳಿಸಿಯೂ ತಿಂಗಳುಗಟ್ಟಲೆ ದುಡ್ಡಿಗೆ ಕಾದವರು ಅವರಲ್ಲಿದ್ದಾರೆ. ಹಾಗಾಗಿ ಈ ಬರಹ.

ಮೊದಲ ಕೆಲಸ ಎಲ್‌ಸಿ ಕೈಗೆ ಬಂದ ದಿನವೇ ಆಗಬೇಕು. ಮೊಬೈಲ್‌ನಲ್ಲಿ ಓದಬೇಡಿ. ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು ಕೂರಿ. 44ಸಿ ಅಂತ ನಂಬರ್ ಇರುವ ಸಾಲಿನಲ್ಲಿ ಸರಕು ಹಡಗು ಏರಬೇಕಾದ ಕೊನೆಯ ದಿನ ಇರುತ್ತದೆ. 31ಡಿಯಲ್ಲಿ ಎಲ್‌ಸಿ ಮುಗಿಯುವ ದಿನ ಮತ್ತು ಜಾಗ. ಈ ಜಾಗವನ್ನು ಯಾರೂ ಗಮನಿಸುವುದಿಲ್ಲ! ಅಲ್ಲಿ ಖರೀದಿದಾರರ ದೇಶ ಇದ್ದರೆ, ಆ ದಿನದೊಳಗೆ ಕಾಗದ ಅಲ್ಲಿಗೇ ತಲುಪಬೇಕು. 'ಭಾರತದಲ್ಲಿ' ಎಂದು ತಿದ್ದಿಸಿಕೊಳ್ಳಿ. 45ಎಯಲ್ಲಿ ಸರಕಿನ ವಿವರ, 46ಎಯಲ್ಲಿ ಬೇಕಾದ ಕಾಗದಗಳು, 47ಎಯಲ್ಲಿ ಹೆಚ್ಚಿನ ಷರತ್ತುಗಳು ಇರುತ್ತವೆ. ನಿಮ್ಮಿಂದ ಆಗದ ಷರತ್ತು ಕಂಡರೆ ಅವತ್ತೇ ಖರೀದಿದಾರರಿಗೆ ಬರೆದು ತಿದ್ದುಪಡಿ ಕೇಳಿ. 'ಆಮೇಲೆ ಮಾತಾಡಿದರಾಯ್ತು' ಅನ್ನಬೇಡಿ.

ಬಂದರಿನ ಹೆಸರು ಬರೆಯಬೇಕಾದಲ್ಲಿ 'ಭಾರತದ ಯಾವುದೇ ಬಂದರು' ಎಂದು ಹಾಕಿಸಿ. ಮಂಗಳೂರಿನಲ್ಲಿ ಹಡಗು ತಪ್ಪಿದರೆ ಕೊಚ್ಚಿಯಿಂದ ಕಳಿಸಬಹುದು. ಹಡಗಿನ ಕೊನೆಯ ದಿನವನ್ನೂ ಸ್ವಲ್ಪ ಸಡಿಲವಾಗಿ ಕೇಳಿ. ಮಳೆಗಾಲದಲ್ಲಿ ನಮ್ಮ ಘಾಟಿ ರಸ್ತೆಗಳ ಕಥೆ ಗೊತ್ತೇ ಇದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಮಂಗಳೂರು ರಸ್ತೆಯೇ ಕುಸಿದಿತ್ತು. ಗುಡ್ಡ ಜರಿಯಿತು ಅಂದರೆ ಎಲ್‌ಸಿಯ ತಾರೀಖು ಮುಂದೆ ಹೋಗುವುದಿಲ್ಲ.

ಇನ್ನು ಇನ್‌ವಾಯ್ಸ್. ಎಲ್‌ಸಿಗಳು ಸಾಮಾನ್ಯವಾಗಿ ಯುಸಿಪಿ 600 ಎಂಬ ನಿಯಮಗಳ ಕೆಳಗೆ ನಡೆಯುತ್ತವೆ. ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್‌ನ ಈ ನಿಯಮಗಳು 2007ರ ಜುಲೈ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಇನ್‌ವಾಯ್ಸ್‌ನಲ್ಲಿರುವ ಸರಕಿನ ವಿವರ ಎಲ್‌ಸಿಯ ವಿವರಕ್ಕೆ ತಾಳೆಯಾಗಲೇಬೇಕು. ಎಲ್‌ಸಿಯಲ್ಲಿ 'ಇಂಡಿಯಾ ರೋಬಸ್ಟಾ ಚೆರ್ರಿ ಎಬಿ' ಎಂದು, ಜೊತೆಗೆ ಬೆಳೆ ವರ್ಷವೂ ಇದ್ದರೆ, ನೀವು ಬರೇ 'ರೋಬಸ್ಟಾ ಚೆರ್ರಿ' ಎಂದು ಬರೆದರೆ ಸಾಲದು. ಪದ ಪದ ಇಳಿಸಿಕೊಳ್ಳಿ. ಬೇರೆ ಕಾಗದಗಳಲ್ಲಿ 'ಕಾಫಿ' ಎಂದು ಸಾಮಾನ್ಯವಾಗಿ ಬರೆದರೂ ನಡೆಯುತ್ತದೆ, ಒಂದಕ್ಕೊಂದು ವಿರುದ್ಧ ಇರಬಾರದು ಅಷ್ಟೇ.

ಹಳೆಯ ಕನ್‌ಸೈನ್‌ಮೆಂಟಿನ ಫೈಲ್ ತೆರೆದು ಹೆಸರು ಬದಲಾಯಿಸುವ ಅಡ್ಡದಾರಿ ಬೇಡವೇ ಬೇಡ. ಹಳೆಯ ಲಾಟ್ ನಂಬರ್ ಎಲ್ಲೋ ಒಂದು ಮೂಲೆಯಲ್ಲಿ ಉಳಿದೇ ಉಳಿಯುತ್ತದೆ. ನೆಟ್‌ನಲ್ಲಿ ಪುಕ್ಕಟೆ ಸಿಗುವ ರೆಡಿಮೇಡ್ ಫಾರ್ಮ್ಯಾಟ್‌ಗಳನ್ನೂ ನಾನು ಮುಟ್ಟುವುದಿಲ್ಲ. ಎಲ್‌ಸಿ ಕೇಳದ ಸಾಲುಗಳು ಅವುಗಳಲ್ಲಿ ಜಾಸ್ತಿ. ಕೇಳದ್ದನ್ನು ಬರೆದಷ್ಟೂ ತಪ್ಪಿಗೆ ದಾರಿ.

ಚೀಲದ ಲೆಕ್ಕ ಬಹಳ ಮುಖ್ಯ. 60 ಕಿಲೋದ 320 ಚೀಲ, ಅಂದರೆ 19,200 ಕಿಲೋ, ಇಪ್ಪತ್ತು ಅಡಿ ಕಂಟೇನರ್‌ಗೆ ರೂಢಿಯ ಲೆಕ್ಕ. ಎಲ್‌ಸಿಯಲ್ಲಿ ತೂಕ ಮಾತ್ರ ಇದ್ದರೆ, ಬೇರೆ ಷರತ್ತು ಇಲ್ಲದಿದ್ದಾಗ ಶೇಕಡಾ 5ರಷ್ಟು ಹೆಚ್ಚುಕಮ್ಮಿಗೆ ಅವಕಾಶ ಇದೆ. ಹಣ ಮಾತ್ರ ಎಲ್‌ಸಿ ಮೊತ್ತ ಮೀರಬಾರದು. ಚೀಲದ ಸಂಖ್ಯೆ ಬರೆದಿದ್ದರೆ ಆ ಅವಕಾಶ ಇಲ್ಲ. ಒಬ್ಬ ರಫ್ತುದಾರರು ಎರಡು ಚೀಲ ನೆನೆದಿದ್ದಕ್ಕೆ ತೆಗೆದಿಟ್ಟು 318 ಕಳಿಸಿದರು. ಒದ್ದೆ ಕಾಫಿ ಕಳಿಸದೆ ಒಳ್ಳೆಯದನ್ನೇ ಮಾಡಿದ್ದರು. ಬ್ಯಾಂಕ್ ಒಪ್ಪಲಿಲ್ಲ. ಅಷ್ಟರಲ್ಲಿ ಕಾಫಿ ದರ ಇಳಿದಿತ್ತು. ಖರೀದಿದಾರರು ಚೀಲದ ತಪ್ಪನ್ನೇ ಹಿಡಿದುಕೊಂಡು ರೇಟು ಇಳಿಸಿ ಎಂದರು. ಎರಡು ಚೀಲಕ್ಕೆ ಇಡೀ ಕಂಟೇನರ್‌ನ ಲಾಭ ಹೋಯಿತು. ಅದನ್ನು ನೋಡಿ ನನಗೆ ಬಹಳ ನೋವಾಯಿತು.

ಈಗ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಪಡೆದದ್ದಕ್ಕೆ ಹಡಗು ಕಂಪನಿ ಕೊಡುವ ರಸೀದಿ. ಹೆಚ್ಚು ಜನ ಎಡವುವುದು ಇಲ್ಲೇ. ಇನ್‌ವಾಯ್ಸ್ ತಪ್ಪಾದರೆ ಕಚೇರಿಯಲ್ಲೇ ಹೊಸದು ಮಾಡಬಹುದು. ಬಿಲ್ ಆಫ್ ಲೇಡಿಂಗ್ ಹಡಗು ಕಂಪನಿಯ ಕಾಗದ. ಹಡಗು ಹೊರಟ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು. ಅದಕ್ಕೇ ಏಜೆಂಟ್ ಕಳಿಸುವ ಡ್ರಾಫ್ಟ್‌ಗೆ ಕೂತು ಓದದೆ 'ಓಕೆ' ಹೇಳಬೇಡಿ. ಒಬ್ಬರು ಎಲ್‌ಸಿ ಹಿಡಿದು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಡ್ರಾಫ್ಟ್ ಮೇಲೆ ಬೆರಳಿಟ್ಟು ನೋಡಲಿ. ಮನೆಯವರನ್ನೇ ಕೂರಿಸಿಕೊಂಡರೂ ಸರಿ. ಒಬ್ಬರೇ ಓದಿದರೆ ಕಣ್ಣು ಬೇಕಾದ್ದನ್ನೇ ಓದಿಕೊಳ್ಳುತ್ತದೆ.

ಮೊದಲು 'ಶಿಪ್ಡ್ ಆನ್ ಬೋರ್ಡ್' ಎಂದಿದೆಯಾ ನೋಡಿ. 'ರಿಸೀವ್ಡ್ ಫಾರ್ ಶಿಪ್‌ಮೆಂಟ್' ಎಂದು ಮಾತ್ರ ಇದ್ದರೆ ಸರಕು ಹಡಗು ಏರಿದ್ದಕ್ಕೆ ಸಾಕ್ಷಿ ಇಲ್ಲ. ತಾರೀಖು ಹಾಕಿದ ಆನ್ ಬೋರ್ಡ್ ಮುದ್ರೆ ಬೇಕು, ಆ ತಾರೀಖು 44ಸಿ ದಾಟಿರಬಾರದು. ಕಂಟೇನರ್ ಕುಶಾಲನಗರದಲ್ಲೇ ತುಂಬಿದೆ ಅಂತ ಕೆಲವರು 'ಪ್ಲೇಸ್ ಆಫ್ ರಿಸೀಟ್' ಜಾಗದಲ್ಲಿ ಊರಿನ ಹೆಸರು ಹಾಕಿಸುತ್ತಾರೆ. ಎಲ್‌ಸಿ ಕೇಳಿಲ್ಲದಿದ್ದರೆ ಖಾಲಿ ಬಿಡಿಸಿ. ಹಡಗು ಕಂಪನಿಯ ಹೆಸರು ಸ್ಪಷ್ಟವಾಗಿರಲಿ. ಸಹಿ ಏಜೆಂಟರದ್ದಾದರೆ ಯಾರ ಪರವಾಗಿ ಸಹಿ ಎಂದು ಬರೆದಿರಬೇಕು. ಸಿಐಎಫ್ ಮಾರಾಟವಾದರೆ (ಹಡಗಿನ ಬಾಡಿಗೆ, ವಿಮೆ ನಿಮ್ಮದು) ಸಾಮಾನ್ಯವಾಗಿ 'ಫ್ರೇಟ್ ಪ್ರಿಪೇಡ್', ಎಫ್‌ಒಬಿಯಾದರೆ (ಬಾಡಿಗೆ ಖರೀದಿದಾರರದ್ದು) 'ಫ್ರೇಟ್ ಕಲೆಕ್ಟ್' ಎಂದು ಎಲ್‌ಸಿ ಕೇಳುತ್ತದೆ. ಇವೆರಡು ಅದಲುಬದಲಾಗುವುದು ತುಂಬ. ಸರಕು ಯಾರಿಗೆ ಎಂಬಲ್ಲಿ 'ಟು ಆರ್ಡರ್' ಎಂದಿದ್ದರೆ ಹಿಂಬದಿಗೆ ನಿಮ್ಮ ಸಹಿ ಮರೆಯಬೇಡಿ. 'ಕ್ಲೀನ್' ಎಂಬ ಪದ ಇರಲೇಬೇಕೆಂದಿಲ್ಲ. ಆದರೆ 'ಚೀಲ ಹರಿದಿದೆ' ಎಂಬಂಥ ಷರಾ ಇರಬಾರದು. ಮೂರು ಮೂಲ ಪ್ರತಿ ಹೊರಡಿಸಿದ್ದರೆ ಮೂರೂ ಕೊಡಬೇಕು. ವೈಟ್ನರ್ ಹಚ್ಚಿ ತಿದ್ದುವ ಕೆಲಸ ಬೇಡ. ತಿದ್ದುಪಡಿಗೆ ಹಡಗು ಕಂಪನಿ ಅಥವಾ ಅದರ ಏಜೆಂಟರ ದೃಢೀಕರಣ ಬೇಕು.

ಕಾಫಿ ಯಾವ ದೇಶದ್ದು ಎಂದು ಹೇಳುವ ಕಾಫಿ ಬೋರ್ಡ್‌ನ ಪ್ರಮಾಣಪತ್ರದಲ್ಲಿ ಚೀಲದ ಗುರುತು, ಲಾಟ್ ನಂಬರ್ ಪ್ಯಾಕಿಂಗ್ ಲಿಸ್ಟ್‌ಗೆ ತಾಳೆಯಾಗಲಿ. ಸಣ್ಣ ಕಾಗುಣಿತದ ತಪ್ಪಿಗೆ ಅರ್ಥ ಕೆಡದಿದ್ದರೆ ಕ್ಷಮೆ ಇದೆ, ಅಂಕಿ ತಪ್ಪಿದರೆ ಇಲ್ಲ. ವಿಮೆ ಸಿಐಎಫ್ ಆದರೆ ಮಾತ್ರ: ಎಲ್‌ಸಿ ಬೇರೆ ಹೇಳದಿದ್ದರೆ ಸಿಐಎಫ್ ಬೆಲೆಯ ಕನಿಷ್ಠ 110 ಶೇಕಡಾ, ಹಡಗಿನ ತಾರೀಖಿಗಿಂತ ತಡವಾಗದ ದಿನಾಂಕ. ಬಿಲ್ ಆಫ್ ಎಕ್ಸ್‌ಚೇಂಜ್ (ಹಣ ಕೊಡಿ ಎಂದು ನೀವು ಬರೆಯುವ ಹುಂಡಿ) ಕೇಳಿದ್ದರೆ ಮೊತ್ತ, ಸಹಿ ನೋಡಿ, ಮುಗಿಯಿತು.

ಎಲ್‌ಸಿಯಲ್ಲಿ ಬೇರೆ ಅವಧಿ ಇಲ್ಲದಿದ್ದರೆ ಸರಕು ಹಡಗು ಏರಿ 21 ದಿನದೊಳಗೆ ಕಾಗದ ಬ್ಯಾಂಕ್‌ಗೆ ಕೊಡಬೇಕು, ಅದೂ ಎಲ್‌ಸಿ ಮುಗಿಯುವ ಮೊದಲು. ನೀವು ಒಂದು ವಾರದಲ್ಲೇ ಕೊಡಿ. ಬ್ಯಾಂಕ್‌ಗೆ ನೋಡಲು 5 ಬ್ಯಾಂಕ್ ದಿನಗಳಿವೆ. ಬೇಡವೆನ್ನುವುದಾದರೆ ಎಲ್ಲ ತಪ್ಪುಗಳನ್ನೂ ಒಂದೇ ನೋಟಿಸ್‌ನಲ್ಲಿ ಹೇಳಬೇಕು. ನಿಮ್ಮ ಕೈಯಲ್ಲಿ ದಿನ ಉಳಿದಿದ್ದರೆ ತಿದ್ದಿ ಮತ್ತೆ ಕೊಡಬಹುದು. ಕಾಗದ ಕೊಟ್ಟಾಗ ಬ್ಯಾಂಕ್‌ಗೆ ಬರೆದ ಕವರಿಂಗ್ ಲೆಟರ್ ಪ್ರತಿಯ ಮೇಲೆ ತಾರೀಖಿನ ಸೀಲ್ ಹಾಕಿಸಿಕೊಂಡೇ ಹೊರಗೆ ಬನ್ನಿ.