ಟ್ರಕ್ ಮೂತಿ ಎರಡೂವರೆ ಇಂಚು ಎತ್ತಿ ಆಮೇಲೆ ಒಂದೂಕಾಲು ಇಂಚು ಇಳಿಸಿದ ಕಥೆ

ನಾನಿರೋದು ಡ್ಯಾಲಸ್ ಹತ್ರ ಫ್ರಿಸ್ಕೊದಲ್ಲಿ. ಗಾಡಿ 2018ರ ಫೋರ್ಡ್ ಎಫ್-150, ಫೋರ್ ಬೈ ಫೋರ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಟೆಕ್ಸಾಸ್‌ನಲ್ಲಿ ಪಿಕಪ್ ಇಟ್ಕೊಂಡವರಿಗೆಲ್ಲ ಒಂದು ಕಾಯಿಲೆ ಬರತ್ತೆ, ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತ ಟ್ರಕ್ ನಮ್ಮದಕ್ಕಿಂತ ಎಷ್ಟು ಎತ್ತರ ಇದೆ ಅಂತ ಕತ್ತು ಹೊರಳಿಸಿ ನೋಡೋ ಕಾಯಿಲೆ. ನನಗೂ ಬಂತು. ಅದಕ್ಕೆ ಮಾಡಿದ ಔಷಧೋಪಚಾರ ಇದು, ಖರ್ಚು ಸಮೇತ ಬರೀತೀನಿ.

ಪಿಕಪ್ ಟ್ರಕ್ ಕಂಪನಿಯಿಂದ ಬರೋವಾಗಲೇ ಹಿಂದೆ ಎತ್ತರ, ಮುಂದೆ ತಗ್ಗು. ಇಲ್ಲಿ ಇದಕ್ಕೆ ರೇಕ್ ಅಂತಾರೆ. ನನಗೆ ಅದು ನೆಲ ಮೂಸ್ಕೊಂಡು ಹೋಗೋ ನಾಯಿ ಥರ ಕಾಣ್ತಿತ್ತು. ಟೇಪ್ ಹಿಡಿದು ಅಳೆದೆ, ನೆಲದಿಂದ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿಗೆ ಮುಂದೆ 36½ ಇಂಚು, ಹಿಂದೆ 38¾. ಅಂದ್ರೆ ಎರಡೂಕಾಲು ಇಂಚು ವ್ಯತ್ಯಾಸ. ಹೀಗೆ ಅಳೆದ್ರೆ ಟೈರ್ ಗಾಳಿ ಸವೆತ ಎಲ್ಲ ಲೆಕ್ಕಕ್ಕೆ ಬಂದುಬಿಡತ್ತೆ, ಚಕ್ರದ ಮಧ್ಯದಿಂದ ಫೆಂಡರ್‌ಗೆ ಅಳೆದ್ರೆ ಬರೀ ಸಸ್ಪೆನ್ಷನ್ ಎತ್ತರ ಸಿಗತ್ತೆ, ಎರಡನ್ನೂ ಬರ್ಕೊಳಿ, ನಾಲ್ಕೂ ಚಕ್ರಕ್ಕೂ, ಡೀಸೆಲ್ ಪೆಟ್ರೋಲ್ ಏನಿದೆಯೋ ಟ್ಯಾಂಕ್ ಅರ್ಧ ಇದ್ದಾಗ, ಸಮ ನೆಲದಲ್ಲಿ.

ಮೊದಲು ತಲೆಗೆ ಹತ್ತಿದ್ದು 6 ಇಂಚಿನ ಪೂರ್ತಿ ಸಸ್ಪೆನ್ಷನ್ ಲಿಫ್ಟ್, ಜೊತೆಗೆ 35 ಇಂಚಿನ ಟೈರ್. ಇದು ಬರೀ ಎತ್ತೋ ಕೆಲಸ ಅಲ್ಲ, ಮುಂದಿನ ಡಿಫರೆನ್ಷಿಯಲ್ ಕೆಳಗಿಳಿಸೋ ಬ್ರಾಕೆಟ್, ಚಕ್ರದ ಹಬ್ ಹಿಡ್ಕೊಳೋ ತುಂಡು, ಅಂದ್ರೆ ನಕಲ್, ಅದೂ ಉದ್ದದ್ದು, ಹಿಂದೆ ಬ್ಲಾಕ್, ಎಲ್ಲ ಬರತ್ತೆ, ಆ್ಯಕ್ಸಲ್ ಕೋನ ಸರಿ ಇರ್ಬೇಕಲ್ಲ ಅದಕ್ಕೆ. ಹೆಂಡತಿ ಒಂದೇ ಪ್ರಶ್ನೆ ಕೇಳಿದ್ಲು, "ರೀ, ಗ್ಯಾರೇಜ್ ಒಳಗೆ ಹೋಗತ್ತಾ?" ಗ್ಯಾರೇಜ್ ಬಾಗಿಲು 7 ಅಡಿ, ಅಂದ್ರೆ 84 ಇಂಚು. ಟ್ರಕ್ ಈಗಲೇ ಹತ್ತಿರ ಹತ್ತಿರ 77. ಅದಕ್ಕೆ 6 ಸೇರಿಸಿ, ಈಗಿರೋ 32 ಇಂಚಿನ ಟೈರ್ ತೆಗೆದು 35 ಹಾಕಿದ್ರೆ ಇನ್ನೊಂದೂವರೆ. ಲೆಕ್ಕ ಅಲ್ಲಿಗೇ ಮುಗೀತು. ಸಾವಿರಾರು ಡಾಲರ್ ಉಳಿಸಿದ ಪುಣ್ಯ ಅವಳದ್ದು.

ಇನ್ನು ಉಳಿದಿದ್ದು ಲೆವೆಲಿಂಗ್ ಕಿಟ್, ಅಂದ್ರೆ ಮುಂದುಗಡೆ ಮಾತ್ರ ಎತ್ತಿ ಹಿಂದಿನ ಮಟ್ಟಕ್ಕೆ ತರೋದು. ಅದರಲ್ಲಿ ಅಗ್ಗದ್ದು ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿರೋ ಜೋಡಣೆ) ಮೇಲೆ ಕೂರಿಸೋ ಅಲ್ಯೂಮಿನಿಯಂ ತುಂಡು, ಸ್ಪೇಸರ್ ಅಂತಾರೆ. 70 ಡಾಲರ್ ಕೊಟ್ಟು ಎರಡೂವರೆ ಇಂಚಿಂದು ತರಿಸಿದೆ. ಡಬ್ಬಿ ಬಿಚ್ಚಿದ್ರೆ ಒಳಗಿರೋ ತುಂಡಿನ ದಪ್ಪ ಒಂದೂಕಾಲು ಇಂಚಿನ ಆಸುಪಾಸು! ಮೋಸ ಆಯ್ತು ಅಂದ್ಕೊಂಡೆ, ಮೋಸ ಅಲ್ಲ. ಬಾಗಿಲನ್ನ ಮಧ್ಯದಲ್ಲಿ ಹಿಡಿದು ಒಂದಿಂಚು ತಳ್ಳಿದ್ರೆ ತುದಿ ಎರಡಿಂಚು ಹೋಗತ್ತಲ್ಲ, ಹಾಗೇ ಸ್ಟ್ರಟ್ ಕೂರೋದು ಚಕ್ರನ ಫ್ರೇಮಿಗೆ ಜೋಡಿಸೋ ಕೆಳಗಿನ ಕಂಟ್ರೋಲ್ ಆರ್ಮ್‌ನ ನಡುಮಧ್ಯ, ಚಕ್ರ ಇರೋದು ತುದಿಯಲ್ಲಿ. ಸ್ಟ್ರಟ್ ಹತ್ರ ಒಂದು ಅಂದ್ರೆ ಚಕ್ರದ ಹತ್ರ ಸುಮಾರು ಎರಡು.

ಒಂದು ಶನಿವಾರ ನಾನು, ಶಿವಮೊಗ್ಗ ಕಡೆಯ ಒಬ್ಬ ಸ್ನೇಹಿತ, ಇಬ್ಬರೂ ಸೇರಿ ಗ್ಯಾರೇಜಲ್ಲೇ ಮಾಡಿದ್ವಿ. ಈ ಥರ ಸ್ಪೇಸರ್‌ಗೆ ಸ್ಪ್ರಿಂಗ್ ಬಿಚ್ಚೋದೇ ಬೇಡ, ಅದೊಂದು ದೊಡ್ಡ ಅನುಕೂಲ, ಯಾಕಂದ್ರೆ ಒತ್ತಿ ಹಿಡಿದಿರೋ ಸ್ಪ್ರಿಂಗ್ ಕೈತಪ್ಪಿದ್ರೆ ಮುಖ ಮೂತಿ ಉಳಿಯಲ್ಲ. ಫ್ರೇಮ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಸ್ವೇ ಬಾರ್ ಲಿಂಕು, ಟೈ ರಾಡು, ಮೇಲಿನ ಬಾಲ್ ಜಾಯಿಂಟು, ಸ್ಟ್ರಟ್ ಮೇಲಿನ ಮೂರು ನಟ್ಟು, ಕೆಳಗಿನ ಎರಡು, ಇಷ್ಟು ಬಿಚ್ಚಿದ್ರೆ ಸ್ಟ್ರಟ್ ಕೈಗೆ ಬರತ್ತೆ. ಮೊದಲನೇ ಕಡೆಗೆ ಮೂರೂವರೆ ಗಂಟೆ, ಎರಡನೇದಕ್ಕೆ ಒಂದೂಕಾಲು ಗಂಟೆ. ಮಧ್ಯದಲ್ಲಿ ಚಿತ್ರಾನ್ನ.

ಎಫ್-150 ಫೋರ್ ಬೈ ಫೋರ್ ಇರೋರು ಇಲ್ಲಿ ಸ್ವಲ್ಪ ನಿಂತು ಓದಿ. ಮುಂದಿನ ಹಬ್‌ನಲ್ಲಿ ಐಡಬ್ಲ್ಯೂಇ (ಇಂಟಿಗ್ರೇಟೆಡ್ ವೀಲ್ ಎಂಡ್) ಅಂತ ಒಂದು ವಸ್ತು ಇದೆ, ಎಂಜಿನ್ ವ್ಯಾಕ್ಯೂಮ್‌ನಿಂದ ನಡಿಯೋದು. ಟೂ ವೀಲ್‌ನಲ್ಲಿ ಓಡ್ತಿರೋವಾಗ ವ್ಯಾಕ್ಯೂಮ್ ಅದನ್ನ ಎಳೆದು ಹಿಡಿದು ಹಬ್‌ನ ಆ್ಯಕ್ಸಲ್‌ನಿಂದ ಬೇರೆ ಇಟ್ಟಿರತ್ತೆ, ವ್ಯಾಕ್ಯೂಮ್ ಹೋದ್ರೆ ತಾನೇ ಹೋಗಿ ಕಚ್ಕೊಳತ್ತೆ. ಅರ್ಧಂಬರ್ಧ ವ್ಯಾಕ್ಯೂಮ್ ಇದ್ರೆ ಅರ್ಧಂಬರ್ಧ ಕಚ್ಚತ್ತೆ, ಹಲ್ಲು ಹಲ್ಲು ಉಜ್ಜಿ ಗರಗರ ಅನ್ನತ್ತೆ. ಕೆಲಸ ಮುಗಿಸಿ ರೌಂಡ್ ಹೊಡೆಯಕ್ಕೆ ಹೋದ್ರೆ ಎಡಗಡೆಯಿಂದ ಅದೇ ಗರಗರ, ಕಾಫಿಬೀಜ ಹುರಿದು ಮಿಷನ್‌ಗೆ ಹಾಕಿದ ಹಾಗೆ. ಬೇರಿಂಗ್ ಹೋಯ್ತು ಅಂತ ನನ್ನ ಎದೆ ಒಡೆದುಹೋಯ್ತು. ನೋಡಿದ್ರೆ ನಕಲ್ ಆಚೆ ವಾಲಿಸೋವಾಗ ಆ ಸಣ್ಣ ರಬ್ಬರ್ ಪೈಪು ಜಗ್ಗಿ ಸಡಿಲ ಆಗಿತ್ತು, ವಾಪಸ್ ಸಿಕ್ಕಿಸಿದೆ, ಸದ್ದು ನಿಂತ್ಹೋಯ್ತು. ತಪ್ಪು ನಂದೇ. ಆ ಪೈಪನ್ನ ಮೊದಲೇ ಬಿಚ್ಚಿ ಪಕ್ಕಕ್ಕೆ ಇಟ್ಟುಬಿಡಿ, ಹಬ್ ಮಧ್ಯದ ಪುಟ್ಟ ನಟ್‌ಗೆ ಮಾತ್ರ ದಯವಿಟ್ಟು ಇಂಪ್ಯಾಕ್ಟ್ ಗನ್ ಹಿಡೀಬೇಡಿ.

ಆಮೇಲೆ ಅಲೈನ್‌ಮೆಂಟ್, 120 ಡಾಲರ್. ಇದನ್ನ ಬಿಡೋ ಹಾಗೇ ಇಲ್ಲ, ಮುಂದೆ ಎತ್ತಿದ ತಕ್ಷಣ ಟೋ, ಕ್ಯಾಂಬರ್, ಕ್ಯಾಸ್ಟರ್ ಅನ್ನೋ ಚಕ್ರದ ಕೋನಗಳು ಮೂರೂ ಕೆಡತ್ತೆ, ಕ್ಯಾಸ್ಟರ್ ಕಮ್ಮಿ ಆದ್ರೆ ಹೈವೇಲಿ ಸ್ಟೀರಿಂಗ್ ಅತ್ತಿತ್ತ ಅಲೆಯತ್ತೆ. ನಾನು ಮೊದಲು ಮಾಡಿಸಿದಾಗ ಅಂಗಡಿಯವನು ಟೋ ಒಂದೇ ನೋಡಿ ಕಳಿಸಿಬಿಟ್ಟ, ಪ್ರಿಂಟ್ ಔಟ್ ಕೇಳಿದಾಗ ಗೊತ್ತಾಗಿದ್ದು. ಜಗಳ ಮಾಡಿ ಮತ್ತೆ ಮಾಡಿಸಿದೆ. ಪ್ರಿಂಟ್ ಔಟ್ ಇಸ್ಕೊಳದೇ ದುಡ್ಡು ಕೊಡಬೇಡಿ.

ಖಾಲಿ ಗಾಡಿ ಈಗ ನೋಡಕ್ಕೆ ಚಂದ. ಮುಂದೆ 39, ಹಿಂದೆ 38¾. ಡ್ರೈವ್‌ವೇನಲ್ಲಿ ನಿಲ್ಲಿಸಿ ಹತ್ತು ಫೋಟೋ ತೆಗೆದೆ. ಸ್ಪೀಡ್ ಹಂಪ್ ಇಳಿಯೋವಾಗ ಮಾತ್ರ ಮುಂದಿನಿಂದ 'ಟಕ್' ಅಂತ ಒಂದು ಸದ್ದು, ಚಕ್ರ ಪೂರ್ತಿ ಕೆಳಗೆ ಜೋತಾಗ ಮೇಲಿನ ಆರ್ಮು ತನ್ನ ಮಿತಿ ಮುಟ್ತಾ ಇತ್ತು. ಪರವಾಗಿಲ್ಲ ಬಿಡು ಅಂದ್ಕೊಂಡೆ.

ಆ ಟೈಮಲ್ಲೇ ಅಪ್ಪ ಅಮ್ಮ ಅರಸೀಕೆರೆಯಿಂದ ಬಂದ್ರು. ಅಮ್ಮಂಗೆ ಮಂಡಿನೋವು. ಏರ್‌ಪೋರ್ಟಲ್ಲಿ ಟ್ರಕ್ ಮುಂದೆ ನಿಂತು, "ಇದೇನೋ ಇದು, ಆನೆ ಮೇಲೆ ಹತ್ತಿಸ್ತೀಯಾ, ನಾನೇನು ದಸರಾ ಮೆರವಣಿಗೆಗೆ ಬಂದಿದೀನಾ" ಅಂದ್ರು. ಮಾರನೇ ದಿನ ಮನೆಯಲ್ಲಿದ್ದ ಮರದ ಮಣೆಗೆ ಕಾಲು ಹೊಡೆದು ಸ್ಟೂಲ್ ಮಾಡ್ಕೊಟ್ಟೆ.

ಅವರನ್ನ ಕರ್ಕೊಂಡು ಕ್ಯಾಪ್‌ರಾಕ್ ಕ್ಯಾನಿಯನ್ಸ್ ಸ್ಟೇಟ್ ಪಾರ್ಕಿಗೆ ಹೊರಟ್ವಿ, ಬೈಸನ್ (ಅಮೆರಿಕದ ಕಾಡೆಮ್ಮೆ) ಹಿಂಡು ಇರೋ ಜಾಗ, ಟ್ರಕ್ ಹಿಂದೆ ಬಾಡಿಗೆಗೆ ತಗೊಂಡ ಕ್ಯಾಂಪರ್, ಅಂದ್ರೆ ಮಲಗಕ್ಕೆ ಜಾಗ ಇರೋ ಟ್ರೇಲರ್, ಸುಮಾರು 5,000 ಪೌಂಡ್. ಟ್ರೇಲರ್ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಹಿಚ್ (ಟ್ರೇಲರ್ ಸಿಕ್ಕಿಸೋ ಕೊಂಡಿ) ಮೇಲೆ ಕೂರತ್ತೆ, ಅಂದ್ರೆ 500ರಿಂದ 750 ಪೌಂಡು ಟ್ರಕ್‌ನ ಬಾಲದ ತುದಿಗೆ. ಎಸ್ಟಲೈನ್‌ನಲ್ಲಿ 287ನೇ ಹೈವೇ ಬಿಟ್ಟು 86ಕ್ಕೆ ತಿರುಗೋ ಹೊತ್ತಿಗೆ ಕತ್ತಲೆ, ಎರಡೇ ಲೇನಿನ ರಸ್ತೆ, ಎದುರು ಬಂದೋರೆಲ್ಲ ಲೈಟ್ ಮಿಣುಕಿಸ್ತಾ ಬೈತಾ ಹೋಗ್ತಿದಾರೆ. ನಾನು ಡಿಮ್‌ನಲ್ಲೇ ಇದೀನಿ! ಸ್ಟೀರಿಂಗ್ ಬೇರೆ ಹಗುರ ಹಗುರ, ನೀರಿನ ಮೇಲೆ ಹೋದ ಹಾಗೆ.

ಪಾರ್ಕಿಗೆ ಹೋಗಿ ಇಳಿದ ಮೇಲೆ ಅಪ್ಪ ಟಾರ್ಚ್ ಹಿಡ್ಕೊಂಡು ಗಾಡಿ ಸುತ್ತ ಒಂದು ಸುತ್ತು ಬಂದ್ರು. ಚಿಕ್ಕ ವಯಸ್ಸಲ್ಲಿ ತೆಂಗಿನಕಾಯಿ ಗಾಡಿ ಹೊಡೆದೋರು. "ಹಿಂಬಾರ ಆಗಿದೆ ಕಣೋ. ಮೂಕಿ ಮೇಲೆದ್ದುಬಿಟ್ಟಿದೆ. ಎತ್ತಿಗೆ ನೆಲ ಸಿಗಲ್ಲ ಹಿಂಗಾದ್ರೆ."

ಬೆಳಿಗ್ಗೆ ಅಳೆದೆ. ಹಿಂದೆ ಎರಡಿಂಚು ಕುಸಿದು 36¾, ಮುಂದೆ ಅರ್ಧ ಇಂಚು ಎದ್ದು 39½. ಮೂತಿ ಎರಡೂಮುಕ್ಕಾಲು ಇಂಚು ಮೇಲಕ್ಕೆ. ಸ್ಪೇಸರ್ ಹಾಕದೇ ಇದ್ದಿದ್ರೆ ಎಷ್ಟಿರ್ತಿತ್ತು ಅಂತ ಪೇಪರ್ ಮೇಲೆ ಲೆಕ್ಕ ಹಾಕ್ದೆ: ಮುಂದೆ 37, ಹಿಂದೆ 36¾. ಹೆಚ್ಚುಕಮ್ಮಿ ಸಮ! ನಾನು ನಾಯಿ ಮೂತಿ ಅಂತ ಬೈದಿದ್ದ ಆ ಎರಡೂಕಾಲು ಇಂಚನ್ನ ಕಂಪನಿಯವರು ಈ ಭಾರಕ್ಕೇ ಅಂತ ಎತ್ತಿಟ್ಟಿದ್ರು. ಮೂತಿ ಎತ್ತಿ ಬಾಲ ಇಳಿಸಿ ಓಡಾಡೋ ಫ್ಯಾಷನ್ ಕೂಡ ಇಲ್ಲಿದೆ, ಕ್ಯಾರೊಲೈನಾ ಸ್ಕ್ವಾಟ್ ಅಂತ, ನಾರ್ತ್ ಕ್ಯಾರೊಲೈನಾದಲ್ಲಿ 2021ರಲ್ಲಿ ಅದಕ್ಕೆ ಕಾನೂನು ಮಾಡಿ ನಿಲ್ಲಿಸಿದ್ರು. ನಾನು ದುಡ್ಡು ಕೊಟ್ಟು ಅದರ ತಮ್ಮನ್ನ ಮನೆಗೆ ತಂದಿದ್ದೆ.

ವಾಪಸ್ ಬಂದು ಸ್ಪೇಸರ್ ಕಿತ್ತೆ. ಈ ಸಲ ಬಿಲ್‌ಸ್ಟೈನ್ 5100, ಜೋಡಿಗೆ ಸುಮಾರು 350 ಡಾಲರ್. ಇದು ಎತ್ತರ ಹೊಂದಿಸಬಹುದಾದ ಸ್ಟ್ರಟ್, ಮೈಮೇಲೆ ಗ್ರೂವ್‌ಗಳಿರತ್ತೆ, ಸರ್ಕ್ಲಿಪ್ (ಉಂಗುರದಂಥ ಕ್ಲಿಪ್) ಯಾವ ಗ್ರೂವಲ್ಲಿ ಹಾಕ್ತೀರೋ ಸ್ಪ್ರಿಂಗ್ ಕೂರೋ ತಟ್ಟೆ ಅಷ್ಟು ಮೇಲೆ. ಸ್ಪ್ರಿಂಗ್ ಹಳೇದೇ. ಗಾಡಿ ಗಟ್ಟಿ ಆಗತ್ತೆ ಅಂತ ಹೇಳೋರಿದಾರೆ, ಸ್ಪ್ರಿಂಗ್ ಗಟ್ಟಿ ಆಗಲ್ಲ, ಆದ್ರೆ ಮೇಲೆತ್ತಿದಷ್ಟೂ ಚಕ್ರ ಕೆಳಗೆ ಜೋಲಕ್ಕೆ ಇರೋ ಜಾಗ ಕಮ್ಮಿ ಆಗತ್ತೆ, ಅದಕ್ಕೇ ಎಲ್ಲಾ ಗ್ರೂವ್ ಇದೆ ಅಂತ ತುದಿಗೆ ಹಾಕ್ಬೇಡಿ. ನಾನು ಮಧ್ಯದ್ದು ಆರಿಸ್ದೆ, ಎದ್ದಿದ್ದು ಒಂದೂಕಾಲು ಇಂಚು. ಹಳೇ ಸ್ಪ್ರಿಂಗನ್ನ ಹೊಸ ಸ್ಟ್ರಟ್‌ಗೆ ಕೂರಿಸೋ ಕೆಲಸ ಮಾತ್ರ ಮನೇಲಿ ಮಾಡ್ಲಿಲ್ಲ, ಬಿಚ್ಚಿದ ಸ್ಟ್ರಟ್‌ಗಳನ್ನ ಒಂದು ಅಂಗಡಿಗೆ ಒಯ್ದು 80 ಡಾಲರ್ ಕೊಟ್ಟು ಮಾಡಿಸ್ದೆ, ಗೋಡೆಗೆ ಬೋಲ್ಟ್ ಹಾಕಿದ ಸ್ಪ್ರಿಂಗ್ ಒತ್ತೋ ಕಂಪ್ರೆಸರ್ ಇರೋ ಅಂಗಡಿ. ಮತ್ತೆ ಅಲೈನ್‌ಮೆಂಟ್ 120. ಒಟ್ಟು 740 ಡಾಲರ್, ಅದರಲ್ಲಿ ಮೊದಲಿನ 190 ನನ್ನ ಆತುರದ ಬಾಬ್ತು.

ಈಗ ಖಾಲಿ ಇದ್ದಾಗ ಮುಂದೆ 37¾, ಹಿಂದೆ 38¾, ಒಂದಿಂಚು ರೇಕ್ ಉಳಿದಿದೆ, ಗೊತ್ತಿಲ್ಲದೋರಿಗೆ ಸಮವಾಗೇ ಕಾಣತ್ತೆ. 'ಟಕ್' ಸದ್ದಿಲ್ಲ. ಭಾರ ಎಳೆಯಕ್ಕೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ತಗೊಂಡೆ, ಅದು ಬಾಲದ ಮೇಲಿನ ಭಾರನ ಸ್ವಲ್ಪ ಮುಂದಿನ ಚಕ್ರಕ್ಕೂ ಸ್ವಲ್ಪ ಟ್ರೇಲರ್ ಚಕ್ರಕ್ಕೂ ಹಂಚತ್ತೆ, ಹಾಕಿ ಅಳೆದ್ರೆ ಮುಂದೆ 37¾ಕ್ಕೇ ವಾಪಸ್, ಹಿಂದೆ 37½. ಒಂದು ಮಾತು, ಈ ಹಿಚ್ಚಾಗಲಿ ಹಿಂದಿನ ಸಸ್ಪೆನ್ಷನ್‌ಗೆ ಆಸರೆಯಾಗಿ ಹಾಕೋ ಏರ್ ಬ್ಯಾಗಾಗಲಿ ಪೇಲೋಡ್ (ಗಾಡಿ ಹೊರಬಹುದಾದ ಭಾರ) ಹೆಚ್ಚು ಮಾಡಲ್ಲ, ಡ್ರೈವರ್ ಬಾಗಿಲ ಹತ್ರ ಹಳದಿ ಸ್ಟಿಕ್ಕರ್ ಮೇಲೆ ಏನು ಬರೆದಿದೆಯೋ ಅಷ್ಟೇ. ಹೆಡ್‌ಲೈಟ್ ವಿಷಯಕ್ಕೆ, ಗಾಡಿನ ಗ್ಯಾರೇಜ್ ಬಾಗಿಲಿಂದ 25 ಅಡಿ ದೂರ ನಿಲ್ಲಿಸಿ, ಎತ್ತೋ ಮುಂಚೆ ಬೆಳಕು ಎಲ್ಲಿ ಬೀಳ್ತಿತ್ತು ಅಂತ ಟೇಪ್ ಅಂಟಿಸಿ ಗುರುತು ಮಾಡಿದ್ರೆ ಆಮೇಲೆ ತಿರುಪು ತಿರುಗಿಸಿ ಅಲ್ಲಿಗೇ ತರಬಹುದು. ನಾನು ಮೊದಲನೇ ಸಲ ಮಾಡ್ಲಿಲ್ಲ, 86ನೇ ರಸ್ತೆಯೋರೆಲ್ಲ ಕ್ಷಮಿಸಿ.

ಟೈರ್ 275/65ಆರ್18 ಹಳೇದೇ ಉಳಿಸ್ಕೊಂಡೆ. 275/70ಕ್ಕೆ ಹೋದ್ರೆ ವ್ಯಾಸ 32.1ರಿಂದ 33.2 ಆಗತ್ತೆ, ಮೀಟರ್ 60 ತೋರಿಸಿದಾಗ ಗಾಡಿ 62ರಲ್ಲಿ ಓಡ್ತಿರತ್ತೆ, ಫೋರ್‌ಸ್ಕ್ಯಾನ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡ್ಬಹುದು, ನನಗೆ ಬೇಡ ಅನ್ನಿಸ್ತು. ವಾರಂಟಿ ಬಗ್ಗೆ ಕೇಳೋರಿಗೆ: 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ ಹೊರಗಿನ ಪಾರ್ಟ್ ಹಾಕಿದೀರ ಅಂತಷ್ಟೇ ಪೂರ್ತಿ ವಾರಂಟಿ ತೆಗೆಯೋ ಹಾಗಿಲ್ಲ, ಆ ಪಾರ್ಟಿಂದಲೇ ಹಾಳಾಯ್ತು ಅನ್ನೋದನ್ನ ಅವರು ತೋರಿಸ್ಬೇಕು. ಲಿಫ್ಟ್ ಹಾಕಿ ಬಾಲ್ ಜಾಯಿಂಟ್ ಹೋಯ್ತು ಅಂದ್ರೆ ತೋರಿಸೋದು ಕಷ್ಟ ಏನಲ್ಲ ಬಿಡಿ.

ಸಕಲೇಶಪುರದಲ್ಲಿ ಕಸಿನ್ ಒಬ್ಬ ಇಸುಜು ವಿ-ಕ್ರಾಸ್ ಪಿಕಪ್ ಇಟ್ಟಿದಾನೆ, ತೋಟಕ್ಕೆ. ಫೋಟೋ ನೋಡಿ "ನನಗೂ ಒಂದು ಕಿಟ್ ಕಳ್ಸೋ" ಅಂದ. ಅಲ್ಲಿ ಕಥೆ ಬೇರೆ, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಯಾರಕರ ಸ್ಪೆಸಿಫಿಕೇಶನ್‌ಗೆ ವಿರುದ್ಧ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಹೇಳಿದೆ, ಮೊದಲು ಆರ್‌ಟಿಒ ಹತ್ರ ಕೇಳು ಅಂದೆ. ಆಮೇಲೆ ಕೇಳ್ದೆ, ಹಿಂದೆ ಎಷ್ಟು ಮೂಟೆ ಹಾಕ್ತೀಯಾ, ಹಾಕಿದಾಗ ಅಳೆದಿದೀಯಾ ಅಂತ. ಇನ್ನೂ ಅಳೆದಿಲ್ಲ ಅವನು.

ಅಪ್ಪ ಅಮ್ಮ ಊರಿಗೆ ಹೋದ್ರು. ಅಮ್ಮನ ಮಣೆ ಹಿಂದಿನ ಸೀಟಿನ ಕೆಳಗೇ ಇದೆ, ಮಣ್ಣು ನೆಲದಲ್ಲಿ ಟ್ರೇಲರ್ ಜಾಕ್ ಹೂತುಹೋಗದ ಹಾಗೆ ಅದರ ಕೆಳಗೆ ಇಡಕ್ಕೆ ಬಳಸ್ತೀನಿ. ಇದನ್ನ ಅಮ್ಮಂಗೆ ಹೇಳಿಲ್ಲ.